ಕೈ ಮೇಲೆ ಕೂತ ಬುಗುರಿ

“ಕೊಡೇ ಇಲ್ಲಿ! ನೀನು ಹಾಕೋ ಹೊತ್ತಿಗೆ ಸ್ಕೂಲಿಗೇ ಬೀಗ ಹಾಕಿರ್ತಾರೆ!”

ಬುಗುರಿ ಪಕ್ಕದವಳ ಕೈಯಿಂದ ಸೈಕಲ್ ಚೈನ್ ಕಿತ್ತುಕೊಂಡಳು. ಸ್ಕೂಲಿನ ಹಳೇ ಸೈಕಲ್ಲು ಕ್ಲಾಸಿನ ಮೂಲೆಯಲ್ಲಿ, ಹಳೇ ಪೇಪರಿನ ಮೇಲೆ, ಎರಡೂ ಚಕ್ರ ಮೇಲೆತ್ತಿಕೊಂಡು ತಲೆಕೆಳಗಾಗಿ ನಿಂತಿತ್ತು. ಬುಗುರಿಯ ಬೆರಳುಗಳು ಸರಸರ ಓಡಿದವು. ಚೈನು ಹಿಂದಿನ ಚಿಕ್ಕ ಹಲ್ಲುಚಕ್ರದ ಮೇಲೆ ಕೂತಿತು, ಮುಂದಿನ ದೊಡ್ಡ ಚಕ್ರದ ಹಲ್ಲಿಗೆ ಸಿಕ್ಕಿತು. ಪೆಡಲ್ ಒಂದು ಸುತ್ತು ತಿರುಗಿತು. ಟಕ್!

“ಮಿಸ್! ನಮ್ದು ಆಯ್ತು! ನಮ್ದೇ ಫಸ್ಟು!”

ಅದು ಶುಕ್ರವಾರದ ಕೊನೆಯ ಪಿರಿಯಡ್. ಟೈಮ್‌ಟೇಬಲ್ಲಿನಲ್ಲಿ ಅದಕ್ಕೆ ಏನೋ ಉದ್ದದ ಹೆಸರಿತ್ತು. ಮಕ್ಕಳು ಮಾತ್ರ ‘ಕೈ ಪಿರಿಯಡ್’ ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ಪುಸ್ತಕ ತೆಗೆಯುವ ಹಾಗಿಲ್ಲ. ಒಂದು ಜೋಡಿ ಅಂಗಿಗೆ ಗುಂಡಿ ಹೊಲಿಯುತ್ತಿತ್ತು. ಇನ್ನೊಂದು ಜೋಡಿ ಆಟದ ಫೋನ್ ಹಿಡಿದುಕೊಂಡು, ಗುರುತಿಲ್ಲದವರ ಹತ್ತಿರ ದಾರಿ ಕೇಳುವುದು ಹೇಗೆಂದು ಕಲಿಯುತ್ತಿತ್ತು. ಕೆಲಸ ಬರುವವರು ಬಾರದವರಿಗೆ ಹೇಳಿಕೊಡಬೇಕು. ಮುಂದಿನ ಶುಕ್ರವಾರ ಕಲಿತವರು ಎಲ್ಲರೆದುರು ಒಬ್ಬರೇ ಮಾಡಿ ತೋರಿಸಬೇಕು. ಇಷ್ಟೇ ನಿಯಮ.

ಟೀಚರ್ ಬಂದರು. ಚೈನು ನೋಡಲಿಲ್ಲ. “ಇಬ್ರೂ ಕೈ ತೋರಿಸಿ” ಎಂದರು.

ಬುಗುರಿಯ ಕೈ ಮೊಣಕೈವರೆಗೂ ಕಪ್ಪು ಗ್ರೀಸ್. ಪಕ್ಕದವಳ ಕೈ ಈಗತಾನೆ ತೊಳೆದು ಬಂದ ಹಾಗಿತ್ತು. ಒಂದೇ ಒಂದು ಬೆರಳಿನ ತುದಿ ಕಪ್ಪಾಗಿತ್ತು, ಅಷ್ಟೆ.

“ಹೂಂ” ಎಂದರು ಟೀಚರ್. ಗುಂಡಿ ಹೊಲಿಯುವವರ ಕಡೆ ಹೋದರು. ಬುಗುರಿಗೆ ಆ ‘ಹೂಂ’ ಕೇಳಿಸಲೇ ಇಲ್ಲ. ಅವಳು ಆಗಲೇ ಫೋನಿನವರ ಹತ್ತಿರ ಹೋಗಿ, “ಹಾಗಲ್ಲ ಕಣೋ, ಮೊದಲು ನಮಸ್ಕಾರ ಅನ್ನು!” ಎಂದು ಫೋನ್ ಕಿತ್ತುಕೊಳ್ಳುತ್ತಿದ್ದಳು.

ಅವಳಿಗೆ ಬುಗುರಿ ಎಂದು ಹೆಸರಿಟ್ಟವರು ಅವಳ ಅಜ್ಜಿ. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಆ ಹೆಸರು ಅವಳಿಗೆ ಎಷ್ಟು ಒಪ್ಪಿತೆಂದರೆ, ಟೀಚರ್ ಕೂಡ ಒಂದೊಂದು ಸಲ ಹಾಜರಿ ಕೂಗುವಾಗ ಹಾಗೇ ಕರೆದುಬಿಡುತ್ತಿದ್ದರು. ಯಾರದಾದರೂ ಬಾಟಲಿಯ ಮುಚ್ಚಳ ಬಿಗಿಯಾಗಿದ್ದರೆ ಬುಗುರಿ ತೆಗೆಯುತ್ತಿದ್ದಳು. ಯಾರಾದರೂ ಮಾತಿಗೆ ತಡಕಾಡಿದರೆ ಬುಗುರಿಯೇ ಆ ಮಾತು ಮುಗಿಸುತ್ತಿದ್ದಳು. ಪಾಪ, ಮನಸ್ಸು ಒಳ್ಳೆಯದೇ. ಕೈ ಮಾತ್ರ ಮನಸ್ಸಿಗಿಂತ ಒಂದು ಹೆಜ್ಜೆ ಮುಂದೆ.

ಅವಳ ಜೊತೆಗಾತಿಯನ್ನು ಕ್ಲಾಸಿನವರು ಎರಡುಜಡೆ ಎನ್ನುತ್ತಿದ್ದರು. ದಿನಾ ಎರಡು ಜಡೆ, ಎರಡಕ್ಕೂ ಒಂದೇ ಅಳತೆಯ ರಿಬ್ಬನ್. ಏನು ಮಾಡಿದರೂ ನಿಧಾನ, ಅಚ್ಚುಕಟ್ಟು. ಅವಳು ಸೈಕಲ್ಲಿನಲ್ಲಿ ಸ್ಕೂಲಿಗೆ ಬರುತ್ತಿದ್ದಳು. ಆ ಸೈಕಲ್ಲಿನ ಚೈನು ಆಗಾಗ ಕಳಚಿಕೊಳ್ಳುತ್ತಿತ್ತು. ಅದಕ್ಕೇ ಅವಳು ಟೀಚರ್ ಹತ್ತಿರ ಚೈನಿನ ಕೆಲಸವನ್ನೇ ಕೇಳಿ ತೆಗೆದುಕೊಂಡಿದ್ದಳು.

ಮಂಗಳವಾರ ಎರಡುಜಡೆ ನಡೆದುಕೊಂಡು ಬಂದಳು. ಬರುವಾಗ ಪ್ರಾರ್ಥನೆ ಮುಗಿದಿತ್ತು.

“ಸೈಕಲ್ ಎಲ್ಲೇ?” ಬುಗುರಿ ಕೇಳಿದಳು.

ಎರಡುಜಡೆ ಬ್ಯಾಗನ್ನು ಇಬ್ಬರ ನಡುವೆ ಇಟ್ಟಳು. ಎಂದೂ ಹಾಗೆ ಇಟ್ಟವಳಲ್ಲ. ಬುಗುರಿ ಅವಳಿಗೆ ಪೆನ್ಸಿಲ್ ಚೂಪು ಮಾಡಿಕೊಟ್ಟಳು. ಅವಳು ಮುಟ್ಟಲಿಲ್ಲ. ಊಟದ ಬೆಲ್ ಆದ ಕೂಡಲೇ ಎದ್ದು ನೇರ ಟೀಚರ್ ಮೇಜಿನ ಹತ್ತಿರ ಹೋದಳು.

“ಮಿಸ್, ನಂಗೆ ಜೋಡಿ ಚೇಂಜ್ ಮಾಡಿ. ಇವಳ ಜೊತೆ ಬೇಡ.”

ಇಡೀ ಕ್ಲಾಸು ತಿರುಗಿ ಬುಗುರಿಯನ್ನು ನೋಡಿತು. ಬುಗುರಿಯ ಕಿವಿ ಬಿಸಿಯಾಯಿತು. ಅವಳಿಗೆ ಅಳು ಬಂತು. ಅಳುವಿಗಿಂತ ಮೊದಲು ಸಿಟ್ಟು ಬಂತು.

“ನಾನೇನೇ ಮಾಡ್ದೆ? ಎಷ್ಟೊಂದು ಹೆಲ್ಪ್ ಮಾಡಿದೀನಿ ನಿಂಗೆ!”

“ಹೆಲ್ಪಾ?” ಎರಡುಜಡೆ ಅವಳ ಕಡೆ ತಿರುಗಿದಳು. “ನಿನ್ನೆ ದಾರೀಲಿ ಚೈನ್ ಬಿದ್ದೋಯ್ತು. ನಂಗೆ ಹಾಕೋಕೆ ಬರ್ಲಿಲ್ಲ. ಮನೆವರೆಗೂ ತಳ್ಕೊಂಡು ಹೋದೆ. ಕತ್ತಲಾಗಿತ್ತು. ಅಮ್ಮ ಗೇಟಲ್ಲಿ ನಿಂತ್ಕೊಂಡು ಅಳ್ತಿದ್ರು. ಅಪ್ಪ ಸೈಕಲ್ ಒಳಗಿಟ್ಟು ಬೀಗ ಹಾಕಿದಾರೆ. ಈ ವಾರದೊಳಗೆ ಚೈನ್ ಹಾಕೋದು ಕಲಿತರೆ ಸರಿ, ಇಲ್ಲಾಂದ್ರೆ ಸೈಕಲ್ ಅತ್ತೆ ಮನೆಗೆ ಕಳಿಸ್ತೀನಿ ಅಂದಿದಾರೆ.”

“ಶುಕ್ರವಾರ ನಾನು ಹೇಳ್ಕೊಟ್ಟಿದ್ನಲ್ಲ!”

“ನೀನು ಹೇಳ್ಕೊಡ್ಲಿಲ್ಲ. ನೀನು ಹಾಕ್ದೆ. ನಾನು ನಿನ್ನ ಬೆನ್ನು ನೋಡ್ತಾ ನಿಂತಿದ್ದೆ.”

ಬುಗುರಿ ತನ್ನ ಕೈ ನೋಡಿಕೊಂಡಳು.

ಟೀಚರ್ ಇಬ್ಬರನ್ನೂ ನೋಡಿದರು. “ಶುಕ್ರವಾರದವರೆಗೆ ಜೋಡಿ ಬದಲಾಯಿಸಲ್ಲ. ಸ್ಕೂಲಿನ ಸೈಕಲ್ ಇಲ್ಲೇ ಮೂಲೇಲಿ ಇರುತ್ತೆ. ಊಟದ ಬಿಡುವಿದೆ. ಮಾತಾಡ್ಕೊಳ್ಳಿ” ಎಂದರು.

ಮಾತಾಡಿಕೊಳ್ಳುವುದಂತೆ! ಆ ದಿನ ಇಬ್ಬರೂ ಮುಖ ಊದಿಸಿಕೊಂಡು, ಬ್ಯಾಗಿನ ಆಚೆಗೊಬ್ಬಳು ಈಚೆಗೊಬ್ಬಳು ಕೂತಿದ್ದರು.

ಮರುದಿನ ಬೆಳಿಗ್ಗೆ ಬುಗುರಿಯ ಮನೆಯಲ್ಲಿ ಎಂದಿನ ಗಡಿಬಿಡಿ. ಅಮ್ಮ ನರ್ಸು. ಬೆಳಗಿನ ಡ್ಯೂಟಿ ಇದ್ದರೆ ಮಕ್ಕಳು ಏಳುವ ಮೊದಲೇ ಆಸ್ಪತ್ರೆಗೆ ಹೋಗಿಬಿಡುತ್ತಿದ್ದರು. ಅಪ್ಪ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ಓಡಾಡುತ್ತಿದ್ದರು. ತಮ್ಮನನ್ನು ಹೊರಡಿಸುವ ಕೆಲಸ ಬುಗುರಿಯದು. ತಮ್ಮ ಹೊರಗಿನ ಮೆಟ್ಟಿಲ ಮೇಲೆ ಕೂತು, ಎರಡೂ ಕಾಲನ್ನು ಮಹಾರಾಜನ ಹಾಗೆ ಮುಂದಕ್ಕೆ ಚಾಚಿದ್ದ.

“ಅಕ್ಕಾ, ಲೇಸು!”

“ನೀನೇ ಕಟ್ಕೊ” ಎಂದಳು ಬುಗುರಿ. ಅವಳ ಸಿಟ್ಟು ಇನ್ನೂ ಆರಿರಲಿಲ್ಲ.

“ನಂಗೆ ಬರಲ್ವಲ್ಲ.”

“ಸೆಕೆಂಡ್ ಸ್ಟ್ಯಾಂಡರ್ಡ್‌ಗೆ ಬಂದೆ, ಲೇಸ್ ಕಟ್ಟೋಕೆ ಬರಲ್ವಾ? ಸ್ಕೂಲಲ್ಲಿ ಬಿಚ್ಚೋದ್ರೆ ಏನೋ ಮಾಡ್ತೀಯ?”

“ಶೂ ಒಳಗೆ ತುರುಕ್ಕೊತೀನಿ” ತಮ್ಮ ಏನೂ ಬೇಸರವಿಲ್ಲದೆ ಹೇಳಿದ. “ಆಮೇಲೆ ಓಡಲ್ಲ. ಓಡಿದ್ರೆ ಶೂ ಬಿದ್ದೋಗತ್ತೆ. ಅದಕ್ಕೇ ಆಟದಲ್ಲಿ ನಾನು ಯಾವಾಗ್ಲೂ ಎಣಿಸೋನು.”

“ಏನು ಎಣಿಸೋದು?”

“ಯಾರು ಎಷ್ಟು ಸಲ ಔಟ್ ಆದ್ರು ಅಂತ. ಓಡೋರು ಬೇರೆ, ಎಣಿಸೋನು ನಾನು.”

ಬೀದಿಯಲ್ಲಿ ವ್ಯಾನಿನ ಹಾರ್ನು ಕೇಳಿಸಿತು. ಬುಗುರಿ ಬಗ್ಗಿ, ಕಣ್ಣು ಮಿಟುಕಿಸುವುದರೊಳಗೆ ಎರಡೂ ಲೇಸು ಕಟ್ಟಿದಳು. ತಮ್ಮ ಅವಳ ಕೈ ನೋಡಲಿಲ್ಲ. ಆಕಾಶ ನೋಡುತ್ತಿದ್ದ. ಇಷ್ಟು ದಿನವೂ ಅವನು ಆಕಾಶವನ್ನೇ ನೋಡುತ್ತಿದ್ದನೋ ಏನೋ. ಬುಗುರಿ ಒಮ್ಮೆಯೂ ಗಮನಿಸಿರಲಿಲ್ಲ.

ವ್ಯಾನಿನಲ್ಲಿ ಅವಳಿಗೆ ಕೂರಲಾಗಲಿಲ್ಲ. ಕಿಟಕಿ ತೆಗೆದಳು, ಮುಚ್ಚಿದಳು. ಬ್ಯಾಗಿನ ಜಿಪ್ಪು ಎಳೆದಳು, ಬಿಟ್ಟಳು.

ಊಟದ ಬಿಡುವಿನಲ್ಲಿ ಅವಳೇ ಬ್ಯಾಗನ್ನು ನಡುವಿನಿಂದ ತೆಗೆದು ಕೆಳಗಿಟ್ಟಳು.

“ಬಾರೇ, ಚೈನ್ ಹಾಕು. ನಾನು ಮುಟ್ಟಲ್ಲ.”

“ಮುಟ್ತೀಯ” ಎಂದಳು ಎರಡುಜಡೆ.

“ಇಲ್ಲಾಂದ್ನಲ್ಲ!”

ಎರಡುಜಡೆ ಎದ್ದಳು. ಸೈಕಲ್ಲಿನ ಮುಂದೆ ಕೂತು ಎರಡು ಬೆರಳಿನಲ್ಲಿ ಚೈನ್ ಎತ್ತಿದಳು. ಚೈನು ಜಾರಿತು. ಬುಗುರಿಯ ಕೈ ಥಟ್ಟನೆ ಮುಂದಕ್ಕೆ ಹೋಯಿತು.

ಎರಡುಜಡೆ ಚೈನ್ ಬಿಟ್ಟು ಹಿಂದೆ ಸರಿದಳು. “ತಗೋ. ನೀನೇ ಹಾಕು.”

“ಸಾರಿ, ಸಾರಿ! ಅದು ನಾನಲ್ಲ, ಕೈ!”

ಎರಡುಜಡೆಗೆ ನಗು ಬಂದಿತ್ತು. ಆದರೆ ನಗಲಿಲ್ಲ. ಬುಗುರಿ ಸುತ್ತ ನೋಡಿದಳು. ಬೆಂಚಿನ ಮೇಲೆ ಹೋಗಿ ಕೂತಳು. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟು, ಅವುಗಳ ಮೇಲೆ ಗಟ್ಟಿಯಾಗಿ ಕೂತುಬಿಟ್ಟಳು.

“ಈಗ ಹಾಕು!”

ಆಗ ಹೊಸ ಕಷ್ಟ ಶುರುವಾಯಿತು. ಬುಗುರಿಯ ಕೈಗೆ ಎಲ್ಲಾ ಗೊತ್ತಿತ್ತು. ಬಾಯಿಗೆ ಏನೂ ಗೊತ್ತಿರಲಿಲ್ಲ.

“ಅದನ್ನ ಅಲ್ಲಿ ಹಾಕು... ಅಲ್ಲಲ್ಲ, ಅಲ್ಲಿ! ಅದೇ ಕಣೇ, ಆ ಇದಕ್ಕೆ!”

“ಯಾವ ಇದಕ್ಕೆ?”

“ಅಯ್ಯೋ! ಅದಕ್ಕೆ!”

ಬುಗುರಿ ಮುಳ್ಳಿನ ಮೇಲೆ ಕೂತವಳ ಹಾಗೆ ಒದ್ದಾಡಿದಳು. ಕಾಲು ಕುಣಿಯಿತು. ಕುತ್ತಿಗೆ ಕೊಕ್ಕರೆಯ ಹಾಗೆ ಉದ್ದವಾಯಿತು. ಕೊನೆಗೆ ಕಣ್ಣು ಮುಚ್ಚಿ, ತನ್ನ ಕೈ ಏನು ಮಾಡುತ್ತದೆ ಎಂದು ಒಂದೊಂದಾಗಿ ನೆನಪು ಮಾಡಿಕೊಂಡಳು.

“ಮೊದಲು... ಹಿಂದಿನ ಚಿಕ್ಕ ಚಕ್ರ. ಚೈನ್ ಅದರ ಮೇಲೆ ಕೂರಬೇಕು. ಕೂತ್ಕೊಂಡ್ತಾ? ಈಗ ಮುಂದಿನ ದೊಡ್ಡ ಚಕ್ರ. ಎಲ್ಲಾ ಹಲ್ಲಿಗೂ ಒಟ್ಟಿಗೆ ಹಾಕ್ಬೇಡ. ಎರಡು ಹಲ್ಲಿಗೆ ಸಿಕ್ಕಿಸು, ಸಾಕು. ಅಲ್ಲೇ ಹಿಡ್ಕೊ. ಪೆಡಲ್ ಮೆಲ್ಲಗೆ ತಿರುಗಿಸು. ಮೆಲ್ಲಗೆ ಅಂದ್ರೆ... ನೀನು ತಿರುಗಿಸೋ ಹಾಗೆ.”

ಚೈನು ಅರ್ಧ ಹತ್ತಿ ಜಾರಿತು. ಮತ್ತೆ ಹತ್ತಿತು, ಮತ್ತೆ ಜಾರಿತು. ಬೆಲ್ ಆಯಿತು. ಎರಡುಜಡೆಯ ಕಣ್ಣಲ್ಲಿ ನೀರಿತ್ತು. “ಆಗಲ್ಲ ಬಿಡು. ಸೈಕಲ್ ಹೋದ ಹಾಗೇ” ಎಂದಳು.

“ನಾಳೆ ಇದೆ” ಎಂದಳು ಬುಗುರಿ. ತೊಡೆಯ ಕೆಳಗಿನಿಂದ ಕೈ ಎಳೆದಾಗ ಅಂಗೈ ಜುಮ್ಮೆನ್ನುತ್ತಿತ್ತು.

ಮರುದಿನವೂ ಇದೇ ಕತೆ. ಹೆಚ್ಚೆಂದರೆ ಒಂದೇ ಒಂದು ಸಲ ಚೈನು ಕೂತಿತು. ಅದೂ ಹೇಗೆ ಕೂತಿತೆಂದು ಇಬ್ಬರಿಗೂ ತಿಳಿಯಲಿಲ್ಲ.

ಶುಕ್ರವಾರ ಕೊನೆಯ ಪಿರಿಯಡ್ ಬಂದೇ ಬಂತು. ಗುಂಡಿ ಹೊಲಿಯಲು ಕಲಿತ ಹುಡುಗ ಅಂಗಿಯ ಜೊತೆ ತನ್ನ ಚಡ್ಡಿಯನ್ನೂ ಸೇರಿಸಿ ಹೊಲಿದುಕೊಂಡು ಎಲ್ಲರನ್ನೂ ನಗಿಸಿದ. ಆಮೇಲೆ ಎರಡುಜಡೆಯ ಸರದಿ. ಬುಗುರಿ ಮುಂದಿನ ಬೆಂಚಿನಲ್ಲಿ ಕೈ ಮೇಲೆ ಕೂತಳು.

ಮೊದಲನೇ ಸಲ ಚೈನು ಜಾರಿತು. ಎರಡನೇ ಸಲವೂ ಜಾರಿತು. ಹಿಂದಿನಿಂದ ಯಾರೋ ಆಕಳಿಸಿದರು.

“ಮಿಸ್, ಬುಗುರಿ ಹಾಕ್ಲಿ ಮಿಸ್! ಬೇಗ ಆಗತ್ತೆ!”

ಎರಡುಜಡೆ ಬಗ್ಗಿಸಿದ ತಲೆ ಎತ್ತಲಿಲ್ಲ. ಅವಳ ಕಿವಿ ಕೆಂಪಾಗಿತ್ತು. ಎಲ್ಲಿ ತಪ್ಪಾಗಿದೆಯೆಂದು ಬುಗುರಿಗೆ ಕಾಣುತ್ತಿತ್ತು. ಮುಂದಿನ ಹಲ್ಲಿಗೆ ಸಿಕ್ಕಿಸುವಾಗ ಹಿಂದಿನ ಚಕ್ರದಿಂದ ಚೈನು ಇಳಿದುಬಿಟ್ಟಿತ್ತು. ಒಂದೇ ಬೆರಳು ಸಾಕು, ಒಂದೇ ಬೆರಳು! ಅವಳ ಕೈ ತೊಡೆಯ ಕೆಳಗೆ ಸಿಕ್ಕಿಬಿದ್ದ ಮೀನಿನ ಹಾಗೆ ಮಿಡುಕಿತು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇವತ್ತು ಎರಡುಜಡೆ ಒಬ್ಬಳೇ ಮಾಡಬೇಕು. ಬುಗುರಿ ತುಟಿ ಕಚ್ಚಿಕೊಂಡಳು. ಟೀಚರ್ ಅವಳನ್ನೇ ನೋಡುತ್ತಿದ್ದರು.

ಎರಡುಜಡೆ ಕೈ ನಿಲ್ಲಿಸಿದಳು. ಉಸಿರು ಬಿಟ್ಟಳು. ನಿಧಾನವಾಗಿ ಮುಂದಿನ ಚಕ್ರ ನೋಡಿದಳು. ಚೈನಿನ ಗುಂಟ ಕಣ್ಣು ಹರಿಸುತ್ತಾ ಹಿಂದಕ್ಕೆ ಹೋದಳು.

“ಓ” ಎಂದಳು ತನಗೆ ತಾನೇ.

ಹಿಂದಿನ ಚಕ್ರಕ್ಕೆ ಮತ್ತೆ ಚೈನು ಕೂರಿಸಿದಳು. ಅದು ಇಳಿಯದ ಹಾಗೆ ಎಡಗೈಯಲ್ಲಿ ಎಳೆದು ಹಿಡಿದಳು. ಇದನ್ನು ಬುಗುರಿ ಹೇಳಿಕೊಟ್ಟಿರಲಿಲ್ಲ. ಬಲಗೈಯಲ್ಲಿ ಎರಡು ಹಲ್ಲಿಗೆ ಸಿಕ್ಕಿಸಿ, ಪೆಡಲನ್ನು ಮೆಲ್ಲಗೆ, ತುಂಬಾ ಮೆಲ್ಲಗೆ ತಿರುಗಿಸಿದಳು.

ಟಕ್.

ಚಕ್ರ ಗಿರ್ರನೆ ತಿರುಗಿತು. ಕ್ಲಾಸು ಚಪ್ಪಾಳೆ ತಟ್ಟಿತು. ಬುಗುರಿಗೆ ಮಾತ್ರ ತಟ್ಟಲಾಗಲಿಲ್ಲ. ಅವಳ ಎರಡೂ ಕೈಗೆ ಜೋಮು ಹಿಡಿದಿತ್ತು.

“ಇಬ್ರೂ ಕೈ ತೋರಿಸಿ” ಎಂದರು ಟೀಚರ್.

ಎರಡುಜಡೆಯ ಕೈ ಮಣಿಕಟ್ಟಿನವರೆಗೂ ಕಪ್ಪು. ಬುಗುರಿಯ ಅಂಗೈಯಲ್ಲಿ ಬೆಂಚಿನ ಗೀರು ಕೆಂಪಗೆ ಮೂಡಿತ್ತು. ಗ್ರೀಸಿನ ಒಂದು ಚುಕ್ಕೆಯೂ ಇರಲಿಲ್ಲ. ಟೀಚರ್ “ಹೂಂ” ಎಂದರು. ಈ ಸಲ ಅದು ಬುಗುರಿಗೆ ಕೇಳಿಸಿತು.

ಜಾಗಕ್ಕೆ ಬಂದ ಎರಡುಜಡೆ, ಯಾರೂ ನೋಡದಾಗ ಬುಗುರಿಯ ಮೂಗಿನ ಮೇಲೆ ಕಪ್ಪು ಬೆರಳಿನಿಂದ ಒಂದು ಗೆರೆ ಎಳೆದಳು. “ನಿಂಗೂ ಸ್ವಲ್ಪ ಇರ್ಲಿ” ಎಂದು ಕಿಸಕ್ಕನೆ ನಕ್ಕಳು.

ಸೋಮವಾರ ಬೆಳಿಗ್ಗೆ ಬುಗುರಿ ಹಲ್ಲುಜ್ಜುತ್ತಿದ್ದಾಗ ಬೀದಿಯಲ್ಲಿ ಟ್ರಿಣ್ ಟ್ರಿಣ್ ಎಂದಿತು. ಕಿಟಕಿಯಿಂದ ನೋಡಿದರೆ ಎರಡುಜಡೆ! ಸೈಕಲ್ ಮೇಲೆ! ಅವಳು ಒಂದು ಕೈ ಎತ್ತಿ ಬೀಸಿದಳು. ಆ ಕೈ ಹೊಸ ಗ್ರೀಸಿನಿಂದ ಕಪ್ಪಾಗಿತ್ತು.

ಬುಗುರಿ ಹೊರಗೆ ಬಂದಾಗ ತಮ್ಮ ಮೆಟ್ಟಿಲ ಮೇಲೆ ಕಾಲು ಚಾಚಿಕೊಂಡು ಆಕಾಶ ನೋಡುತ್ತಿದ್ದ. ಅವಳು ಅವನ ಪಕ್ಕದಲ್ಲಿ ಕೂತಳು. ಕೈಗಳನ್ನು ತೊಡೆಯ ಕೆಳಗಿಟ್ಟಳು.

“ಲೇಸ್ ನೋಡು, ಆಕಾಶ ಅಲ್ಲ. ಎರಡು ತುದಿ ಹಿಡ್ಕೊ. ಒಂದರ ಕೆಳಗೆ ಇನ್ನೊಂದು ತೂರಿಸು. ಎಳಿ. ಈಗ ಎರಡು ಕಿವಿ ಮಾಡಿ ಗಂಟು ಹಾಕು.”

ವ್ಯಾನು ಹಾರ್ನ್ ಹೊಡೆಯಿತು. ಒಳಗಿನಿಂದ ಅಪ್ಪ ಕೂಗಿದರು: “ಬುಗುರಿ, ಕಟ್ಟಿಬಿಡೇ ಬೇಗ! ಲೇಟಾಯ್ತು!”

ಕಟ್ಟಿದ ಗಂಟು ಬಿಚ್ಚಿಕೊಂಡಿತು. ತಮ್ಮ ಅಕ್ಕನ ಮುಖ ನೋಡಿದ. ಬುಗುರಿಯ ಕಾಲಿನ ಹೆಬ್ಬೆರಳು ಶೂ ಒಳಗೇ ಕುಣಿಯುತ್ತಿತ್ತು.

“ಇನ್ನೊಂದ್ ಸಲ” ಎಂದಳು.

ವ್ಯಾನ್ ಅಂಕಲ್ ಕಿಟಕಿಯಿಂದ ತಲೆ ಹಾಕಿದರು. “ಏನಮ್ಮಾ, ಬರ್ತೀರಾ, ನಾನು ಹೋಗ್ಲಾ?”

“ಒಂದೇ ನಿಮಿಷ ಅಂಕಲ್. ಅವನು ಕಟ್ತಿದಾನೆ.”

ನಾಲಿಗೆ ಹೊರಗೆ ಚಾಚಿ, ಮೂಗು ಮೊಣಕಾಲಿಗೆ ತಾಗುವಷ್ಟು ಬಗ್ಗಿ ತಮ್ಮ ಎರಡೂ ಲೇಸು ಕಟ್ಟಿದ. ಒಂದು ಕಿವಿ ಉದ್ದ, ಒಂದು ಕಿವಿ ಗಿಡ್ಡವಾದ ಗಂಟುಗಳು. ಎದ್ದು ನಿಂತು, ಕಾಲು ಝಾಡಿಸಿ ನೋಡಿದ. ಶೂ ಬೀಳಲಿಲ್ಲ. ಆಮೇಲೆ ಅವನು ಓಡಿದ. ಮೆಟ್ಟಿಲಿಳಿದು, ಗೇಟು ದಾಟಿ, ವ್ಯಾನಿನವರೆಗೂ ಓಡಿದ.

ಬುಗುರಿ ಜೋಮು ಹಿಡಿದ ಕೈಗಳನ್ನು ಉಜ್ಜಿಕೊಳ್ಳುತ್ತಾ, ಅವನ ಹಿಂದೆ ನಿಧಾನವಾಗಿ ನಡೆದು ಬಂದಳು.