ಗೋಳಿಮರದ ಸ್ಟಾಪು

ಬಸ್ಸು ಗೋಳಿಮರದ ಸ್ಟಾಪನ್ನು ದಾಟಿ ಹೋಯಿತು.

ಐದನೇ ಕ್ಲಾಸಿನ ಪ್ರೇಮಾವತಿ ಚೀಲ ತಬ್ಬಿಕೊಂಡು ನಿಂತೇ ಇದ್ದಳು. "ಇಳಿಯಲಿಕ್ಕುಂಟು" ಎಂಬ ಮಾತು ಗಂಟಲವರೆಗೆ ಬಂದು ಅಲ್ಲೇ ಕೂತಿತ್ತು. ಹೇಳಿದರೆ ಬಸ್ಸಿನವರೆಲ್ಲ ತಿರುಗಿ ನೋಡುತ್ತಾರಲ್ಲ.

ಮುಂದಿನ ಸ್ಟಾಪಿನಲ್ಲಿ ಯಾರೋ ಇಳಿದರು. ಅವರ ಹಿಂದೆಯೇ ಇಳಿದು, ಬಂದ ದಾರಿಯಲ್ಲೇ ವಾಪಸು ನಡೆದಳು. ಮನೆ ಸೇರುವಾಗ ಚಿಮಿಣಿ ದೀಪ ಹಚ್ಚಿ ಆಗಿತ್ತು.

"ಇವತ್ತೂ ಮುಂದೆ ಹೋದ್ಯಾ?" ಅಮ್ಮ ಕೇಳಿದರು. "ಹೀಗಾದ್ರೆ ಪುತ್ತೂರಿನ ಶಾಲೆ ಬಿಡಿಸುದೇ ಅಂತ ಅಪ್ಪ ಹೇಳ್ತಾ ಇದ್ದಾರೆ."

ಪ್ರೇಮಾವತಿಗೆ ಅಳು ಬಂತು. ಆ ಶಾಲೆ ಎಂದರೆ ಅವಳಿಗೆ ಅಷ್ಟು ಇಷ್ಟ.

ಅಮ್ಮ ಅವಳನ್ನು ದರ್ಬೆಯ ಡಾಕ್ಟ್ರಮ್ಮನ ಹತ್ತಿರ ಕರಕೊಂಡು ಹೋದರು. ಇಂಜೆಕ್ಷನ್ ಕೊಡುತ್ತಾರೆಂದು ಪ್ರೇಮಾವತಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು. ಡಾಕ್ಟ್ರಮ್ಮ ಸೂಜಿ ತೆಗೆಯಲೇ ಇಲ್ಲ.

"ಬಸ್ಸಿನಲ್ಲಿ ಹೇಳ್ಲಿಕ್ಕೆ ಹೋಗುವಾಗ ಎಂತ ಆಗ್ತದೆ?" ಎಂದು ಕೇಳಿದರು.

"ಕಿವಿ ಬಿಸಿ ಆಗ್ತದೆ. ಎದೆ ಡಬಡಬ."

"ಕಂಡಕ್ಟರಿಗೆ ಮೊದಲೇ ಹೇಳಿ ಇಡುವಾ ಡಾಕ್ಟ್ರೇ?" ಎಂದರು ಅಮ್ಮ.

"ಬೇಡ. ಹಾಗೆ ಮಾಡಿದ್ರೆ ಹೆದರಿಕೆ ಇದ್ದ ಹಾಗೇ ಇರ್ತದೆ. ನಾವು ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡುವಾ."

ಅಂದಿನಿಂದ ಶನಿವಾರ ಬಂತೆಂದರೆ ಡಾಕ್ಟ್ರಮ್ಮನ ಬೆಂಚೇ ಬಸ್ಸು. ಡಾಕ್ಟ್ರಮ್ಮ ಡ್ರೈವರ್, ಕಂಪೌಂಡರ್ ಕೂಸಪ್ಪ ಕಂಡಕ್ಟರ್. ಮೊದಲು ಪ್ರೇಮಾವತಿ ಪಿಸುಗುಟ್ಟಿದಳು. ಆಮೇಲೆ ಸ್ವಲ್ಪ ಜೋರಾಗಿ ಹೇಳಿದಳು. ಒಂದು ದಿನ ಡಾಕ್ಟ್ರಮ್ಮ, ಮದ್ದಿಗೆ ಬಂದವರನ್ನೂ ಕರೆದು ಬೆಂಚಿನಲ್ಲಿ ಕೂರಿಸಿದರು.

"ಇವಳು ಹೇಳಿದ ಕೂಡಲೇ ನೀವೆಲ್ಲ ತಿರುಗಿ ನೋಡ್ಬೇಕು."

"ಬಸ್ಸು ಎಲ್ಲಿಗೆ ಹೋಗುದು ಮಾರಾಯ್ರೆ?" ಕೆಮ್ಮಿಗೆ ಮದ್ದು ಕೇಳಲು ಬಂದಿದ್ದ ಕುಂಞಿಪಾತುಮ್ಮ ಕೇಳಿದರು. "ಸುಳ್ಯಕ್ಕಾದ್ರೆ ನನಗೊಂದು ಟಿಕೆಟ್ ಕೊಡಿ."

ಎಲ್ಲರೂ ನಕ್ಕರು. ಪ್ರೇಮಾವತಿಗೂ ನಗು ಬಂತು. ನಗುತ್ತಲೇ, "ಇಳಿಯಲಿಕ್ಕುಂಟು" ಎಂದಳು.

"ಇನ್ನು ನಿಜವಾದ ಬಸ್ಸಿನಲ್ಲಿ ಹೇಳು," ಎಂದರು ಡಾಕ್ಟ್ರಮ್ಮ. "ಆಗದಿದ್ರೆ ಶನಿವಾರ ಪುನಃ ಬಾ. ನಾನು ಬೈಯುದಿಲ್ಲ."

ಸೋಮವಾರ ಸಂಜೆ ಬಸ್ಸು ತುಂಬಿತ್ತು. ಕಂಡಕ್ಟರ್ ಆದಂ ಕುಂಞಿ ಮುಂದೆ ಟಿಕೆಟ್ ಹರಿಯುತ್ತಿದ್ದ. ದೂರದಲ್ಲಿ ಗೋಳಿಮರ ಕಂಡಿತು. ಪ್ರೇಮಾವತಿಯ ಕಿವಿ ಬಿಸಿಯಾಯಿತು.

"ಇಳಿ..."

ಯಾರಿಗೂ ಕೇಳಲಿಲ್ಲ. ಅವಳು ಇನ್ನೊಮ್ಮೆ ಉಸಿರೆಳೆದುಕೊಂಡಳು.

"ಇಳಿಯಲಿಕ್ಕುಂಟು."

ಬಸ್ಸಿನವರೆಲ್ಲ ತಿರುಗಿ ನೋಡಿದರು. ಆದಂ ಕುಂಞಿ ಸೀಟಿ ಊದಿದ. "ಇಷ್ಟು ದಿನ ಈ ಸ್ವರ ಎಲ್ಲಿ ಇಟ್ಟಿದ್ದೆ ಮಾರಾಯ್ತಿ?" ಎಂದು ದಾರಿ ಬಿಟ್ಟ. ಅವಳು ಬಾಗಿಲು ತಲುಪುವಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಮಾತಿಗೆ ಮರಳಿದ್ದರು.

ಅವಳ ಹಿಂದೆಯೇ ದೊಡ್ಡ ಮೀಸೆಯವರೊಬ್ಬರು ಇಳಿದರು. ಊರಿಗೆ ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಜತ್ತಪ್ಪ.

"ನೀನು ಹೇಳಿದ್ದು ಒಳ್ಳೆದಾಯ್ತು ಮಗಾ," ಅವರು ಮೆಲ್ಲಗೆ ಹೇಳಿದರು. "ನನಗೂ ಇಲ್ಲೇ ಇಳಿಯಲಿಕ್ಕೆ. ಮೊನ್ನೆ ಹೇಳ್ಲಿಕ್ಕೆ ನಾಚಿಕೆಯಾಗಿ ಮುಂದಿನ ಸ್ಟಾಪಿನಿಂದ ನಡಕೊಂಡು ಬಂದೆ."

ಪ್ರೇಮಾವತಿ ಅವರನ್ನೇ ನೋಡಿದಳು. ಅಷ್ಟು ದೊಡ್ಡ ಮೀಸೆಯವರು ಕಾಲಿನ ಹೆಬ್ಬೆರಳಿನಲ್ಲಿ ಮಣ್ಣು ಕೆರೆಯುತ್ತಿದ್ದರು.

"ನಾಳೆಯೂ ಇದೇ ಬಸ್ಸಿಗೆ ಬರ್ತೀಯಾ?"

"ಬರ್ತೇನೆ."

ಅವಳು ಸ್ವಲ್ಪ ಯೋಚಿಸಿದಳು.

"ನಾಳೆ ಇಬ್ರೂ ಒಟ್ಟಿಗೆ ಹೇಳುವಾ. ನೀವು ಮೆಲ್ಲ ಹೇಳಿದ್ರೂ ಆಗ್ತದೆ."