ಡ್ಯಾರಲ್ ಪಾಯ್ಸನ ಪುಂಡಿ ಕೃಷಿ

ರಯಾನನನ್ನು ‘ಸರ್’ ಎಂದು ಕರೆಯಬೇಕಾಗಿ ಬಂದ ದಿನವೇ ಡ್ಯಾರಲ್ ಪಾಯ್ಸನಿಗೆ ಕಾನೂನಿನ ಮೇಲಿದ್ದ ಗೌರವ ಹೊರಟುಹೋಯಿತು. ಕೊಲ್ಲಿ ದೇಶದಲ್ಲಿ, ಅಲ್ ಮುರಕ್ಕಬಾತಿನ ಹೋಟೆಲೊಂದಕ್ಕೆ ರಯಾನನನ್ನು ಊರಿನಿಂದ ಕರೆಸಿ ಕೆಲಸಕ್ಕೆ ಹಚ್ಚಿದವನೇ ಡ್ಯಾರಲ್. ಟೈ ಕಟ್ಟಲು ಕಲಿಸಿದವನೂ ಅವನೇ. ಈಗ ಆ ಟೈ ಮ್ಯಾನೇಜರಿನ ಕುರ್ಚಿಯಲ್ಲಿ ಕೂತಿತ್ತು, ಡ್ಯಾರಲ್ ಮಾತ್ರ ಮೊದಲಿನಂತೆ ಸ್ಟೋರಿನಲ್ಲಿ ಈರುಳ್ಳಿ ಮೂಟೆಗಳ ನಡುವೆ ನಿಂತಿದ್ದ. ಒಂದು ದಿನ ರಾಜೀನಾಮೆಯನ್ನು ರಯಾನನ ಮೇಜಿನ ಮೇಲೆ ಎಸೆದು ತಿರುಗಿ ನೋಡದೆ ನಡೆದುಬಿಡಬೇಕು ಎಂಬುದೊಂದೇ ಅವನ ಆಸೆ. ಹಾಗೆ ನಡೆಯುವವನ ಜೇಬು ಗಟ್ಟಿಯಿರಬೇಕಲ್ಲ. ಅದಕ್ಕೆ ಬೇಕಾದದ್ದನ್ನು ಅವನು ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯ ಫ್ಲ್ಯಾಟಿನಲ್ಲಿ, ತನ್ನ ಬೆಡ್‌ರೂಮಿನಲ್ಲೇ ಬೆಳೆಯತೊಡಗಿದ.

ಹೆಂಡತಿ ಕ್ಯಾರೊಲಿನ್ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಅವಳು ಬಾಣಂತನ ಮುಗಿಸಿ ಬರುವುದರೊಳಗೆ ಬೆಳೆ ಕೊಯ್ದು, ಮಾರಿ, ಕೋಣೆ ತೊಳೆದು, ತೊಟ್ಟಿಲು ತಂದಿಡಬೇಕು. ಗಾಂಜಾ ಎಂಬ ಮಾತನ್ನು ಅವನು ಮನಸ್ಸಿನಲ್ಲೂ ಆಡುತ್ತಿರಲಿಲ್ಲ. ‘ಬೆಳೆ’ ಅನ್ನುತ್ತಿದ್ದ, ಮರ್ಯಾದಸ್ಥ ಕೃಷಿಕನ ಹಾಗೆ. ಸಿಕ್ಕಿಬಿದ್ದರೆ ಈ ದೇಶದಲ್ಲಿ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಜೈಲು, ಅದು ಮುಗಿದ ಮೇಲೆ ಗಡೀಪಾರು. ಈವರೆಗೆ ಫೋನಿನ ಪರದೆಯಲ್ಲಷ್ಟೇ ನೋಡಿದ ಮಗಳು ಅಪ್ಪನಿಲ್ಲದೆ ನಡೆಯಲು ಕಲಿತು, ಶಾಲೆಗೂ ಸೇರಿರುತ್ತಾಳೆ. ಅದನ್ನು ನೆನೆದಾಗ ಫೋನು ತೆಗೆದು ಅವಳ ಫೋಟೊ ನೋಡುತ್ತಿದ್ದ. ಆದರೆ ಸಿಕ್ಕಿಬೀಳುವುದು ದಡ್ಡರ ಕೆಲಸ, ತಾನು ದಡ್ಡನಲ್ಲ ಎಂಬ ವಿಷಯದಲ್ಲಿ ಡ್ಯಾರಲ್‌ಗೆ ಯಾವತ್ತೂ ಸಂಶಯ ಬಂದದ್ದಿಲ್ಲ.

ಬೇರೆಯವರಾಗಿದ್ದರೆ ಬಚ್ಚಿಡುತ್ತಿದ್ದರು. ಡ್ಯಾರಲ್ ತಾನು ಪುಂಡಿ ಬೆಳೆಯುತ್ತಿದ್ದೇನೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ. ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ತಿನ್ನುವ ಪುಂಡಿ ಸೊಪ್ಪು ಎಂಬುದೊಂದಿದೆ. ಅದರ ಎಲೆಯೂ ಗಾಂಜಾದ ಎಲೆಯಂತೆ ಬೆರಳು ಬೆರಳಾಗಿ ಸೀಳಿರುತ್ತದೆ, ಅಂಚಿಗೆ ಅದೇ ಗರಗಸದ ಹಲ್ಲು. ಇದನ್ನು ಅವನು ಓದಿ ತಿಳಿದದ್ದು. ಮಂಗಳೂರಿನ ಅವನಿಗೆ ಅಲ್ಲಿಯವರೆಗೆ ಪುಂಡಿ ಎಂದರೆ ಹಬೆಯಲ್ಲಿ ಬೆಂದ ಅಕ್ಕಿಯ ಉಂಡೆ ಮಾತ್ರ. ಈಗ ಸೊಪ್ಪಿನ ಲ್ಯಾಟಿನ್ ಹೆಸರು, ತೊಟ್ಟಿನ ಬಣ್ಣ, ಎಲೆಯ ನರ ಎಲ್ಲವೂ ಬಾಯಿಪಾಠವಾಗಿತ್ತು. ಮಣ್ಣಿನ ಚೀಲ ಹೊರುವುದನ್ನು ನೋಡಿ ಬಿಲ್ಡಿಂಗಿನ ವಾಚ್‌ಮನ್ ಕೇಳಿದಾಗ ‘ಪುಂಡಿ, ನಮ್ಮೂರಿನ ತರಕಾರಿ’ ಎಂದ. ವಾಚ್‌ಮನ್ನನೇ ಚೀಲಕ್ಕೊಂದು ಕೈ ಕೊಟ್ಟು ಲಿಫ್ಟಿನವರೆಗೆ ಬಿಟ್ಟುಹೋದ. ಗಿಡಗಳ ವಾಸನೆ ಮುಚ್ಚುವುದಕ್ಕೂ ಉಪಾಯ ಸಿಕ್ಕಿತು. ಡ್ಯಾರಲ್ ದಿನಾ ಒಣಮೀನು ಹುರಿದ, ಪಕ್ಕದ ಮನೆಯವರು ದಿನಾ ಒಣಮೀನಿನ ಮೇಲೆಯೇ ದೂರು ಕೊಟ್ಟರು.

ಎಲ್ಲವೂ ಸರಿಯಿತ್ತು, ಕೊಯ್ಲು ಹತ್ತಿರ ಬಂದಾಗ ಎಲೆಗಳು ಕೈಕೊಟ್ಟವು. ಮೊದಲು ಕೆಳಗಿನವು ಹಳದಿಯಾದವು, ಆಮೇಲೆ ಮೇಲಿನವುಗಳ ಮೈತುಂಬ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ ಎದ್ದು ತುದಿಗಳು ಸುರುಟಿಕೊಂಡವು. ಅವನು ಫೋನಿನಲ್ಲಿ ಹುಡುಕಿದ. ಒಬ್ಬ ಪಂಡಿತ ನೀರು ಹೆಚ್ಚಾಗಿದೆ ಎಂದ, ಇನ್ನೊಬ್ಬ ಕಡಿಮೆಯಾಗಿದೆ ಎಂದ. ಕೊಯ್ಲಿನ ಹೊತ್ತಿಗೆ ಎಲೆ ಹಳದಿಯಾಗುವುದು ಸಹಜ ಎಂದ ಮೂರನೆಯವನನ್ನು ಉಳಿದವರು ಸೇರಿ ಬೈದಿದ್ದರು. ಅಷ್ಟರಲ್ಲಿ ಒಂದು ಪುಟ ತೆರೆಯದೆ, ಈ ತಾಣಕ್ಕೆ ಇಲ್ಲಿ ಪ್ರವೇಶವಿಲ್ಲ ಎಂಬ ಸರಕಾರದ ಸೂಚನೆ ಮೂಡಿತು. ಡ್ಯಾರಲ್ ಫೋನನ್ನು ಬಿಸಿ ಕಾವಲಿ ಮುಟ್ಟಿದವನಂತೆ ಕೆಳಗಿಟ್ಟ. ಗಿಡ ಸತ್ತರೆ ರಯಾನ್ ಸಾಯುವವರೆಗೂ ಸರ್ ಆಗಿಯೇ ಇರುತ್ತಾನೆ. ಗಿಡದ ವೈದ್ಯರು ಬೇಕಿತ್ತು.

ವೈದ್ಯರೂ ಇದ್ದರು. ಅಲ್ ಐನ್ ಪಟ್ಟಣದ ಗ್ರೀನ್‌ಹೌಸೊಂದರಲ್ಲಿ ಸೌತೆ, ಟೊಮೆಟೊ ನೋಡಿಕೊಳ್ಳುವ ಬಾಗಲಕೋಟೆಯ ಕೃಷಿ ಪದವೀಧರ ತಮ್ಮಣ್ಣ. ರಾಜ್ಯೋತ್ಸವದ ಊಟಕ್ಕೆ ಇಬ್ಬರೂ ಒಟ್ಟಿಗೆ ನಿಂತು ಬಡಿಸಿದ್ದರು. ಯಾರ ಮೇಲೂ ಸಂಶಯಪಡಲು ಬಾರದ, ರಸ್ತೆ ಖಾಲಿಯಿದ್ದರೂ ಕೆಂಪು ದೀಪಕ್ಕೆ ನಿಲ್ಲುವ ಪ್ರಾಣಿ. ಡ್ಯಾರಲ್‌ಗೆ ಅಂಥವನೇ ಬೇಕಿತ್ತು.

“ಪುಂಡಿ ಸೊಪ್ಪು ಬೆಳೆಸಿದ್ದೇನೆ ಮಾರಾಯ್ರೆ, ಎಲೆ ಹಳದಿ ಆಗ್ತಾ ಉಂಟು,” ಎಂದು ಒಂದು ಎಲೆಯ ಫೋಟೊ ಕಳಿಸಿದ.

“ಫೋಟೊದಾಗ ಏನೂ ತಿಳಿಯಂಗಿಲ್ರೀ,” ಎಂದ ತಮ್ಮಣ್ಣ. “ಎಲಿ ಹಿಂದಿನ ಮಗ್ಗಲಾ ನೋಡಬೇಕು. ಶುಕ್ರವಾರ ತಗೊಂಡ ಬರ್ರಿ, ಊಟಕ್ಕ ಇಲ್ಲೇ ಇರ್ರಿ.”

ಪುಕ್ಕಲನಾಗಿದ್ದರೆ ಎಲೆಗಳನ್ನು ಸೀಟಿನ ಕೆಳಗೆ ತುರುಕುತ್ತಿದ್ದ. ಡ್ಯಾರಲ್ ಅವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕೊತ್ತಂಬರಿ ಕಟ್ಟಿನ ಪಕ್ಕದಲ್ಲಿ, ಮುಂದಿನ ಸೀಟಿನಲ್ಲೇ ಇಟ್ಟುಕೊಂಡ. ಮರಳುಗಾಡಿನ ಹೆದ್ದಾರಿಯಲ್ಲಿ ಪೊಲೀಸ್ ಕಾರೊಂದು ಪಕ್ಕಕ್ಕೆ ಬಂದು ಮುಂದೆ ಹೋಯಿತು. ಇವನು ಹಾಡು ಗುನುಗುತ್ತಿದ್ದ.

ಅಲ್ ಐನಿನ ಮನೆಯಲ್ಲಿ ತಮ್ಮಣ್ಣ ಎಲೆಯನ್ನು ಮಗುಚಿ, ಭೂತಗನ್ನಡಿ ಹಿಡಿದು, ಹಣೆ ತಾಗುವಷ್ಟು ಬಗ್ಗಿದ.

“ಹಿಡದೆ ನೋಡ್ರಿ. ನುಸಿ. ಹೆಂಗ ಜಾಡರ ಬಲಿ ಕಟ್ಟ್ಯಾವ,” ಎಂದು ತಮ್ಮಣ್ಣ ಸಂಭ್ರಮಪಟ್ಟ. ನುಸಿ ಸಿಕ್ಕ ಮೇಲೆ ಅವನಿಗೆ ಎಲೆಯ ಪರಿವೆಯೇ ಉಳಿಯಲಿಲ್ಲ. “ತಿನ್ನೂ ಸೊಪ್ಪು, ಈಗ ಔಷಧ ಹೊಡೀಬ್ಯಾಡ್ರಿ. ಕೆಟ್ಟ ಎಲಿ ಕಿತ್ತ ಒಗೀರಿ, ಉಳದದ್ದ ಲಗೂನ ಕೊಯ್ಕೊಂಡಬಿಡ್ರಿ.”

ಡ್ಯಾರಲ್‌ಗೆ ನಗು ತಡೆಯುವುದೇ ಕಷ್ಟವಾಯಿತು. ಪದವಿ ಪಡೆದ ತಜ್ಞ, ಅದೂ ಪುಂಡಿಯ ನಾಡಿನವನು, ಇಡೀ ದೇಶದಲ್ಲಿ ನಿಷೇಧವಾದ ಬೆಳೆಗೆ ಸ್ವಂತ ಸೋಫಾದ ಮೇಲೆ ಕೂತು ಚಿಕಿತ್ಸೆ ಹೇಳಿದ್ದ. ಭಾನುವಾರ ಕೊಯ್ಲು, ಆಮೇಲೆ ರಾಜೀನಾಮೆ. ಎಸೆಯುವಾಗ ಕಾಗದವನ್ನು ಮಡಚಬೇಕೋ ಬೇಡವೋ ಎಂದು ಅವನು ಯೋಚಿಸತೊಡಗಿದ.

ಒಳಗಿನಿಂದ ತಮ್ಮಣ್ಣನ ಹೆಂಡತಿ ನೀಲಮ್ಮ ಕೈತುಂಬ ಜೋಳದ ಹಿಟ್ಟು ಮೆತ್ತಿಕೊಂಡೇ ಓಡಿಬಂದಳು. “ಪುಂಡಿ ಅಂತ ಕೇಳಿ ರೊಟ್ಟಿ ಹೆಂಚಿನ ಮ್ಯಾಲೇ ಬಿಟ್ಟ ಬಂದೆ. ಪುಂಡಿಪಲ್ಯೆ ತಿಂದು ಎಷ್ಟ ದಿನಾ ಆತು, ಅಣ್ಣಾರ,” ಎಂದು ಚೀಲಕ್ಕೆ ಕೈಹಾಕಿದಳು. ಬಾಡಿ ಮುದುಡಿದ ಎಲೆಗಳಲ್ಲಿ ಹಸಿರು ಉಳಿದಿದ್ದ ಒಂದನ್ನು ಆರಿಸಿ, ಸೆರಗಿಗೆ ಒರೆಸಿ, ಬಾಯಿಗೆ ಹಾಕಿಕೊಂಡಳು. ಡ್ಯಾರಲ್ ಬೆದರಲಿಲ್ಲ. ಹಸಿ ಎಲೆ ಒಂದು ಜಗಿದರೆ ಅಮಲೇರುವುದಿಲ್ಲ ಎಂಬುದನ್ನೂ ಅವನು ಓದಿಕೊಂಡಿದ್ದ. “ಮುಂದಿನ ಸಲ ಒಂದು ಕಟ್ಟು ತರ್ತೇನೆ ಅಕ್ಕ,” ಎಂದು ಧಾರಾಳವಾಗಿ ಹೇಳಿದ.

ನೀಲಮ್ಮ ಜಗಿಯುವುದನ್ನು ನಿಲ್ಲಿಸಿದಳು. ಮತ್ತೊಮ್ಮೆ ಜಗಿದು, ಅಂಗೈಗೆ ಉಗಿದು, ಗಂಡನತ್ತ ತಿರುಗಿದಳು. “ಏನ್ರೀ, ಇದು ಹುಳಿನ ಇಲ್ಲ.” ಪುಂಡಿ ಎಂದರೆ ಹುಳಿ. ಬಾಗಲಕೋಟೆಯ ಸಂತೆಯಲ್ಲಿ ಎಲೆಯನ್ನು ಬಾಯಿಗೆ ಹಾಕಿ, ಹುಳಿಗೆ ಒಂದು ಕಣ್ಣು ಮುಚ್ಚದೆ ಯಾವ ಹೆಂಗಸೂ ಪುಂಡಿ ಕೊಳ್ಳುವುದಿಲ್ಲ. ಡ್ಯಾರಲ್ ಆ ಸೊಪ್ಪಿನ ಬಗ್ಗೆ ಓದದೆ ಬಿಟ್ಟದ್ದಿಲ್ಲ, ತಿಂದು ಮಾತ್ರ ನೋಡಿರಲಿಲ್ಲ. ತಮ್ಮಣ್ಣ ನುಸಿಯನ್ನು ಬಿಟ್ಟು ಮೊದಲ ಬಾರಿಗೆ ಎಲೆಯನ್ನು ನೋಡಿದ. ಮೂಸಿದ. ಹೆಂಡತಿಗೆ ಬಾಯಿ ತೊಳೆದುಕೊಳ್ಳಲು ಹೇಳಿದ. ಆಮೇಲೆ ಎದ್ದುಹೋಗಿ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿ, ಫೋನ್ ಕೈಗೆತ್ತಿಕೊಂಡು ಪೊಲೀಸರ ನಂಬರ್ ಒತ್ತಿದ. “ಕುಂದರ್ರಿ ಡ್ಯಾರಲ್ ಅವರ,” ಎಂದ, ಅದೇ ಮೆತ್ತಗಿನ ದನಿಯಲ್ಲಿ. “ಅವರು ಬರೂತನಕಾ ಎರಡ ರೊಟ್ಟಿ ತಿನ್ರಿ.”