ಎದುರು ಹಗ್ಗ ಹಿಡಿದವನು

ಹಗ್ಗ ಹಿಡಿದು ನಿಂತಾಗ ಸಿರಿಗೂ ಕಾಂತೇಶನಿಗೂ ನಡುವೆ ಇದ್ದದ್ದು ಎರಡು ಮಾರು ಕೆಸರು ಮಾತ್ರ. ಆ ಕಡೆಯ ಸಾಲಿಗೆ ಅವನು ಮೊದಲಿಗ, ಈ ಕಡೆಗೆ ಇವಳು. ಕಣ್ಣು ತಪ್ಪಿಸೋಣವೆಂದರೆ ಬೇರೆಲ್ಲೂ ನೋಡಲು ಜಾಗವೇ ಇಲ್ಲ!

"ಸ್ವಲ್ಪ ಮೆತ್ತಗೆ ಎಳೀರಿ ಮಾರಾಯ್ರೆ. ನಂಗಿರೋದು ಇದೊಂದೇ ಒಳ್ಳೆ ಪ್ಯಾಂಟು," ಎಂದ ಕಾಂತೇಶ್.

"ಒಳ್ಳೆ ಪ್ಯಾಂಟು ಹಾಕ್ಕೊಂಡು ಕೆಸರುಗದ್ದೆಗೆ ಬಾ ಅಂತ ಯಾರು ಹೇಳಿದ್ದು?"

"ನೀವು ಬರ್ತೀರಿ ಅಂತ ಗೊತ್ತಿತ್ತಲ್ಲ."

ಸಿರಿ ಹುಬ್ಬು ಗಂಟಿಕ್ಕಿದಳು. ತುಟಿ ಮಾತ್ರ ಅವಳ ಮಾತು ಕೇಳಲಿಲ್ಲ.

ಕೊಪ್ಪದ ಸೊಸೈಟಿಯಲ್ಲಿ ಕೆಲಸ ಮಾಡುವ ಸಿರಿ, ಬಾಳಗಡಿಯಲ್ಲಿ ಕಂಪ್ಯೂಟರ್ ಕ್ಲಾಸ್ ಇಟ್ಟಿದ್ದ ಕಾಂತೇಶ್, ಇನ್ನೊಂದಷ್ಟು ಗೆಳೆಯರು ಸೇರಿ ಎರಡು ವರ್ಷದಿಂದ ಭಾನುವಾರದ ಪಾಠ ನಡೆಸುತ್ತಿದ್ದರು. ಎಸ್ಸೆಸ್ಸೆಲ್ಸಿ ಫೇಲಾಗಿ ಎಸ್ಟೇಟ್ ಕೂಲಿಗೆ ಸೇರಿದ್ದ ಹುಡುಗಿಯರಿಗೆ ಕಲಿಸಲು ಒಬ್ಬೊಬ್ಬಳು ಅಕ್ಕ, ಒಬ್ಬೊಬ್ಬ ಅಣ್ಣ. ಮತ್ತೆ ಪರೀಕ್ಷೆಗೆ ಕೂರಿಸುವುದು, ಅದಕ್ಕೆ ಮನೆಯವರನ್ನು ಒಪ್ಪಿಸುವುದು ಎಲ್ಲಾ ಅವರದೇ ಜವಾಬ್ದಾರಿ. ಪ್ರತಿ ಭಾನುವಾರ ಬೆಳಿಗ್ಗೆ ಸಿರಿಯ ಮೊಬೈಲಿಗೆ ಕಾಂತೇಶನದೊಂದು ಮಿಸ್ಡ್ ಕಾಲ್ ಬರುತ್ತಿತ್ತು. ಹೊರಟೆ ಎಂದು ಅರ್ಥ. ಅದು ಬರುವವರೆಗೂ ಅವಳು ಜಡೆ ಹಾಕಿಕೊಳ್ಳುತ್ತಲೇ ಇರುತ್ತಿದ್ದಳು.

ಪಾಠಕ್ಕೆ ಸ್ವಂತದ್ದೊಂದು ಸೂರಿರಲಿಲ್ಲ. ಅದಕ್ಕೆ ಹಣ ಕೂಡಿಸಲೆಂದೇ ಕಮ್ಮರಡಿಯಲ್ಲಿ ಈ ಕೆಸರುಗದ್ದೆ ಆಟ. ಕೊಪ್ಪದ ದಿನಸಿ ವ್ಯಾಪಾರಿ ರೇಣುಕಪ್ಪ ಮೀಸೆ ತಿರುವಿ ಸವಾಲು ಹಾಕಿದ್ದರು: "ಕಲಿಸೋರನ್ನ ನಿಮ್ಮ ಹುಡುಗೀರು ಹಗ್ಗದಲ್ಲಿ ಸೋಲಿಸ್ಲಿ, ನನ್ನ ಅಂಗಡಿ ಮಹಡಿ ಪಾಠಕ್ಕೇ ಬಿಟ್ಟುಕೊಡ್ತೀನಿ. ಬಾಡಿಗೆ ಬೇಡ." ಹುಡುಗಿಯರಲ್ಲಿ ಒಬ್ಬಳಿಗೆ ಜ್ವರ ಬಂದು ಅವಳ ಜಾಗಕ್ಕೆ ಸಿರಿ ಇಳಿದಿದ್ದಳು.

ಸೀಟಿ ಊದಿದ್ದೇ ತಡ, ಸಿರಿಯ ಹಿಂದೆ ನಿಂತಿದ್ದ ಪಾಠದ ಹುಡುಗಿ ಭವ್ಯ "ಐಸಾ!" ಎಂದು ಕೂಗಿದಳು. ಹುಡುಗಿಯರ ಹಿಮ್ಮಡಿಗಳು ಒಟ್ಟಿಗೆ ಕೆಸರಿಗಿಳಿದವು. ನೋಡನೋಡುತ್ತಲೇ ಕಾಂತೇಶ್ ಮುಗ್ಗರಿಸಿದ. ಅವನ ಹಿಂದಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಬದುವಿನ ತುಂಬಾ ಶಿಳ್ಳೆ, ಕೇಕೆ.

"ಇದೆಲ್ಲಾ ಆಗಲ್ಲ!" ರೇಣುಕಪ್ಪ ಕೈ ಎತ್ತಿದರು. "ಕಾಂತೇಶ ಬೇಕಂತ್ಲೇ ಸೋತ. ಅವ್ನಿಗೆ ಸಿರಿ ಮೇಲೆ ಮನಸ್ಸಿರೋದು ಬಸ್ ಕಂಡಕ್ಟರಿಗೂ ಗೊತ್ತು. ಮಹಡಿ ಇಲ್ಲ."

ಭವ್ಯ ಸಿರಿಯ ತೋಳು ಹಿಡಿದು ಕೇಳಿದಳು: "ಅಕ್ಕ, ನಾವು ಗೆದ್ದಿದ್ದು ಸುಳ್ಳಾ?"

ಆ ಮಾತು ಸಿರಿಯ ಎದೆಗೆ ನಾಟಿತು. ಅಯ್ಯೋ ಪಾಪ ಎಂದು ಯಾರ್ಯಾರೋ ಕೊಟ್ಟದ್ದನ್ನು ಪಡೆದು ಈ ಹುಡುಗಿಯರಿಗೆ ಸಾಕಾಗಿ ಹೋಗಿತ್ತು. ಇವನೂ ಹಾಗೇ ಮಾಡಿದ್ದರೆ ಇನ್ನೆಂದೂ ಅವನ ಮುಖ ನೋಡಲಾರೆ ಎನಿಸಿತು; ಹಾಗೆನಿಸಿದ್ದಕ್ಕೇ ಅಳು ಬಂತು.

"ನಿಜ ಹೇಳಿ. ಬೇಕಂತ ಸೋತ್ರಾ?"

ಕಾಂತೇಶ್ ಎದ್ದು ನಿಂತ. ಅವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

"ನೀವಂದ್ರೆ ನಂಗಿಷ್ಟ. ಇಡೀ ಊರಿನ ಎದುರು ಹೇಳ್ತಿದೀನಿ. ಅದಕ್ಕೇ ಇದ್ದಬದ್ದ ಶಕ್ತಿ ಹಾಕಿ ಎಳ್ದೆ. ಈ ಹುಡುಗೀರಿಗೆ ಸುಳ್ಳು ಗೆಲುವು ಕೊಟ್ಟಿದ್ರೆ ನೀವು ನನ್ನನ್ನ ಹತ್ರ ಸೇರಿಸ್ತಿದ್ರಾ?" ಎಂದವನು ಬದುವಿನ ಕಡೆ ತಿರುಗಿದ. "ರೇಣುಕಪ್ಪೋರೆ, ಇಳೀರಿ. ನನ್ನ ಬೆನ್ನಿಗೇ ನಿಂತು ಎಳೀರಿ. ನಾನು ಸಡಿಲ ಬಿಟ್ರೆ ನಿಮಗೇ ಗೊತ್ತಾಗುತ್ತೆ."

"ಒಂದು ಆಳು ಜಾಸ್ತಿ ಆಗುತ್ತಲ್ಲೋ!"

"ಆಗ್ಲಿ ಬಿಡಿ," ಎಂದಳು ಭವ್ಯ.

ರೇಣುಕಪ್ಪ ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟರು.

ಈ ಸಲ ಹಗ್ಗ ಅಲುಗಲೇ ಇಲ್ಲ. ಕಾಂತೇಶನ ಕತ್ತಿನ ನರ ಉಬ್ಬಿತ್ತು. ಅವನ ಕಣ್ಣು ಅವಳ ಕಣ್ಣಲ್ಲೇ ಇತ್ತು, ಒಂದಿಷ್ಟೂ ದಯೆಯಿಲ್ಲದೆ. ಅಷ್ಟು ಗೌರವದಿಂದ ತನ್ನನ್ನು ಯಾರೂ ನೋಡಿಲ್ಲವೆನಿಸಿತು ಸಿರಿಗೆ. ಪ್ರೀತಿ ಉಕ್ಕಿ ಬಂದ ಆ ಗಳಿಗೆಯಲ್ಲೇ ಅವಳ ಕಾಲು ಜಾರಿತು!

"ಎಳೀಬೇಡಿ! ಹಿಮ್ಮಡಿ ಹೂತು ನಿಲ್ಲಿ!" ಭವ್ಯ ಅರಚಿದಳು. ನಿಂತರು. ಎದುರಿನವರು ಎಳೆದೆಳೆದು ಏದುಸಿರು ಬಿಡುವವರೆಗೂ ನಿಂತರು. "ಈಗ! ಐಸಾ!"

ಗೇಣು ಗೇಣಾಗಿ ಹಗ್ಗ ಇತ್ತ ಬಂತು. ಕಾಂತೇಶ್ ಬೋರಲು ಬಿದ್ದ. ಅವನ ಮೇಲೆ ಧೊಪ್ಪನೆ ರೇಣುಕಪ್ಪ.

"ಗೆದ್ರು ಮಾರಾಯ್ರೆ, ನಿಜವಾಗ್ಲೂ ಗೆದ್ರು!" ಬಾಯಿಗೆ ಹೋಗಿದ್ದ ಕೆಸರು ಉಗುಳಿ ಅವರೇ ಕೂಗಿದರು. "ಮಹಡಿ ನಿಮ್ದೇ!"

ಹುಡುಗಿಯರು ಭವ್ಯಳನ್ನು ಎತ್ತಿಕೊಂಡು ಗದ್ದೆಯಿಡೀ ಕುಣಿದರು. ಸಿರಿ ನಗುತ್ತಾ ಕಾಂತೇಶನಿಗೆ ಕೈ ಕೊಟ್ಟು ಎಬ್ಬಿಸಿದಳು. ಅವನ ಅಂಗೈ ಸುಲಿದು ಕೆಂಪಾಗಿತ್ತು. ಅವಳು ಆ ಕೈಯನ್ನು ಹಾಗೇ ಹಿಡಿದುಕೊಂಡಳು.

"ನಾಳೆ ಮನೆಗೆ ಬನ್ನಿ. ಅಪ್ಪನ ಹತ್ರ ಮಾತಾಡಿ."

"ಎಂತ ಹೇಳ್ಲಿ?"

"ನಿಮ್ಮ ಮಗಳ ಎದುರು ಸೋತೆ ಅಂತ. ಅಮ್ಮನ ಎದುರು ಅಪ್ಪನೂ ದಿನಾ ಸೋಲೋರೇ. ಖುಷಿಯಿಂದ ಒಪ್ಕೋತಾರೆ."